ಕಳೆದದ್ದೆಲ್ಲ ಕೊನೆಯ ಆಟದಲ್ಲಿ ಮರಳಿ ಬರುವುದಿಲ್ಲ: ಚಿತ್ರರಂಗಕ್ಕೊಂದು ಬಹಿರಂಗ ಪತ್ರ

ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ, ಹಾಗೂ ಕನ್ನಡದ ನಿರ್ದೇಶಕರು, ಚಿತ್ರಕಥೆಗಾರರು ಮತ್ತು ಕಲಾವಿದರಿಗೆ,

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 29 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಚಿಕ್ಕಂದಿನಿಂದಲೂ ಸಿನಿಮಾ ನೋಡುತ್ತ ಬೆಳೆದವಳು. ಟೆಂಟಿನಲ್ಲಿ ಮರಳಿನ ಮೇಲೆ ಕೂತು ನೋಡಿದ ಚಿತ್ರಗಳ ಸಂಭಾಷಣೆ ಈಗಲೂ ನನಗೆ ಬಾಯಿಪಾಠ. ಆದ್ದರಿಂದ ಸಿನಿಮಾದ ಮೇಲೆ ಹರಿಹಾಯಲು ಈ ಪತ್ರ ಬರೆಯುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ಇಸ್ಪೀಟಿನ ಟೇಬಲ್ಲನ್ನು, ಅದರಲ್ಲೂ ಪೋಕರ್ ಆಟವನ್ನು, ನಮ್ಮ ಚಿತ್ರಗಳು ಒಂದೇ ಬಗೆಯಲ್ಲಿ ತೋರಿಸುತ್ತ ಬಂದಿವೆ. ಆ ಬಗೆ ನನ್ನ ಒಡಹುಟ್ಟಿದವನ ಮನಸ್ಸಿನಲ್ಲಿ ಹೇಗೆ ಕೂತಿತು ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕಂಡದ್ದನ್ನು ನಿಮ್ಮ ಮುಂದಿಟ್ಟು, ಕೆಲವು ಕೋರಿಕೆಗಳನ್ನು ಸಲ್ಲಿಸುವುದು ನನ್ನ ಉದ್ದೇಶ.

ನನ್ನ ತಮ್ಮ ನಮ್ಮೂರಿನಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ ಇಟ್ಟುಕೊಂಡಿದ್ದ. ಕುಡಿತವಿಲ್ಲ, ಬೀಡಿ ಸಿಗರೇಟಿಲ್ಲ. ಮಲೆನಾಡಿನ ಬಹಳಷ್ಟು ಮನೆಗಳಲ್ಲಿರುವಂತೆ ದೀಪಾವಳಿಗೆ ನಾಲ್ಕು ಜನ ಸೇರಿ ಎಲೆ ಆಡುವ ರೂಢಿ ನಮ್ಮಲ್ಲೂ ಇತ್ತು. ಹತ್ತು, ಇಪ್ಪತ್ತು ರೂಪಾಯಿಯ ಆಟ. ಹಬ್ಬ ಮುಗಿದ ಮೇಲೆ ಎಲೆಗಳು ಅಟ್ಟ ಸೇರುತ್ತಿದ್ದವು. 2019ರಲ್ಲಿ ಅವನು ಗೆಳೆಯರೊಂದಿಗೆ ಒಂದು ಚಿತ್ರ ನೋಡಿಬಂದ. ಅದರ ಹೆಸರು ಇಲ್ಲಿ ಬೇಡ. ಒಂದು ಚಿತ್ರದ ಮೇಲೆ ಹೊರಿಸುವ ಆರೋಪ ಇದಲ್ಲ. ಅದರಲ್ಲಿ ನಾಯಕ ತನ್ನ ಬಳಿಯಿದ್ದದ್ದನ್ನೆಲ್ಲ ಪೋಕರ್ ಟೇಬಲ್ಲಿನಲ್ಲಿ ಕಳೆದುಕೊಳ್ಳುತ್ತಾನೆ, ಎದುರಾಳಿ ನಗುತ್ತಾನೆ, ನಾಯಕ ಕೈಗಡಿಯಾರ ಬಿಚ್ಚಿ ಇಡುತ್ತಾನೆ, ಕೊನೆಯ ಎಲೆ ನಿಧಾನವಾಗಿ ತಿರುಗುತ್ತದೆ, ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ. ಆ ವಾರವೇ ಪೇಟೆಯ ಒಂದು ಕೋಣೆಯಲ್ಲಿ ಗೆಳೆಯರು ಪೋಕರ್ ಕಲಿಯತೊಡಗಿದರು. ಮರುವರ್ಷ ಲಾಕ್‌ಡೌನ್ ಬಂದಾಗ ಆ ಕೋಣೆ ಮುಚ್ಚಿ, ಆಟ ಫೋನಿಗೆ ಬಂತು.

ಅವನು ವ್ಯಾಪಾರಿ, ಲೆಕ್ಕ ಬರೆಯುವ ಅಭ್ಯಾಸವಿತ್ತು. ಆಟಕ್ಕೂ ಒಂದು ಉದ್ದನೆಯ ಪುಸ್ತಕ ಇಟ್ಟಿದ್ದ. ಎಡಕ್ಕೆ 'ಬಂದದ್ದು', ಬಲಕ್ಕೆ 'ಹೋದದ್ದು'. ಮೊದಲ ಮೂರು ತಿಂಗಳ ಪುಟಗಳಲ್ಲಿ ಎರಡೂ ಕಡೆ ಅಂಕಿಗಳಿವೆ, ದಿನದ ಕೊನೆಗೆ ಕೂಡಿ ಕಳೆದು ಗೆರೆ ಎಳೆದಿದ್ದಾನೆ. ನಾಲ್ಕನೆಯ ತಿಂಗಳಿನಿಂದ ಬಲಗಡೆ ಅಂಕಿ ವಿರಳವಾಗುತ್ತದೆ. ಆಮೇಲೆ ಎಡಗಡೆ ಮಾತ್ರ ತುಂಬಿದೆ, ಬಲಗಡೆ ಪುಟ ಪುಟಗಳೇ ಖಾಲಿ. ಸೋಲು ನಿಂತಿರಲಿಲ್ಲ, ಬರೆಯುವುದನ್ನು ನಿಲ್ಲಿಸಿದ್ದ. ಆ ಪುಸ್ತಕ ಈಗ ನನ್ನ ಬಳಿ ಇದೆ. ಬ್ಯಾಂಕಿನ ಸ್ಟೇಟ್‌ಮೆಂಟು ತರಿಸಿ ಬಲಗಡೆಯ ಅಂಕಿಗಳನ್ನು ನಾನೇ ಪೆನ್ಸಿಲಿನಲ್ಲಿ ತುಂಬಿದೆ. ಒಟ್ಟು 23 ಲಕ್ಷ ರೂಪಾಯಿ ದಾಟಿತು. ಅದರಲ್ಲಿ ಅಪ್ಪ ಬಿಟ್ಟುಹೋದ ಅಡಿಕೆ ತೋಟದ ಒಂದು ಭಾಗವಿದೆ, ಅವನ ಹೆಂಡತಿ, ಅಂದರೆ ನನ್ನ ನಾದಿನಿಯ, ಎರಡೆಳೆ ಸರವಿದೆ, ಅವಳ ಸಂಘದ ಸಾಲವಿದೆ, ನಾಲ್ವರಿಂದ ತಂದ ಕೈಸಾಲವಿದೆ.

ಒಂದು ರಾತ್ರಿ ನಾನು ಅವರ ಮನೆಯಲ್ಲಿ ತಂಗಿದ್ದೆ. ಎರಡೂವರೆಯ ಹೊತ್ತಿಗೆ ಎಚ್ಚರವಾಗಿ ಹಿತ್ತಿಲ ಕಡೆ ಹೋದರೆ, ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲೆ ಅವನು ಕೂತಿದ್ದ. ದೀಪ ಹಚ್ಚಿರಲಿಲ್ಲ. ಫೋನಿನ ಹಸಿರು ಬೆಳಕು ಗದ್ದದ ಮೇಲೆ ಬಿದ್ದಿತ್ತು, ಹೆಬ್ಬೆರಳೊಂದೇ ಆಡುತ್ತಿತ್ತು. ನಾನು ಹತ್ತಿರ ಹೋಗಿ ನಿಂತರೂ ತಲೆಯೆತ್ತಲಿಲ್ಲ. ಎಷ್ಟು ಹೋಯಿತೆಂದು ಕೇಳಿದೆ. 'ನಲವತ್ತು' ಎಂದ. ಸಾವಿರ ಎಂದು ಹೇಳುವುದನ್ನು ಆ ಹೊತ್ತಿಗಾಗಲೇ ಬಿಟ್ಟಿದ್ದ. ನಂತರ ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ (ಒಂದು 'ಕೈ' ಎಂದರೆ ಎಲೆ ಹಂಚಿ ಆಡುವ ಒಂದು ಸುತ್ತು): 'ಒಂದೇ ಒಂದು ಕೈ ಅಕ್ಕ. ಕೊನೇ ಕೈಲಿ ತಿರುಗತ್ತೆ. ರಿಕವರಿ ಆದ್ ತಕ್ಷಣ ಎದ್ದು ಬರ್ತೀನಿ.'

ಮಾನ್ಯರೇ, ನನ್ನ ದೂರು ಈ ಮಾತಿನಲ್ಲಿದೆ. ಜೂಜಿನ ಚಿತ್ರಗಳು ಸೋಲನ್ನು ಮರೆಮಾಚುತ್ತವೆ ಎಂದು ಸಾಮಾನ್ಯವಾಗಿ ಆಕ್ಷೇಪಿಸಲಾಗುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಸೋಲನ್ನು ಅವು ಧಾರಾಳವಾಗಿಯೇ ತೋರಿಸುತ್ತವೆ; ನಾಯಕ ಸೋಲದಿದ್ದರೆ ಕಥೆಯೇ ಮುಂದೆ ಹೋಗುವುದಿಲ್ಲ. ಆದರೆ ಎಲ್ಲವನ್ನೂ ಕಳೆದುಕೊಂಡವನು ಮತ್ತೆ ಸಾಲ ತಂದು ಅದೇ ಟೇಬಲ್ಲಿಗೆ ಕೂತು, ಒಂದೇ ಆಟದಲ್ಲಿ ಹೋದದ್ದಕ್ಕಿಂತ ಹೆಚ್ಚನ್ನು ಬಾಚಿಕೊಂಡು ಹೊರಬರುತ್ತಾನೆ ಎಂಬುದನ್ನು ಅವು ಕಥೆಯ ನಿಯಮವೆನ್ನುವಂತೆ ತೋರಿಸುತ್ತವೆ. ಕಳೆದದ್ದನ್ನು ಹಿಡಿಯಲು ಮತ್ತೆ ಮತ್ತೆ ಆಡುವುದನ್ನು ಮನೋವೈದ್ಯರು ಜೂಜಿನ ವ್ಯಸನದ ಮುಖ್ಯ ಲಕ್ಷಣಗಳಲ್ಲಿ ಒಂದೆಂದು ಹೇಳುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಜೂಜಿನ ವ್ಯಸನವನ್ನು ಮದ್ಯ, ಮಾದಕವಸ್ತುಗಳ ವ್ಯಸನದ ಗುಂಪಿಗೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಅದಕ್ಕೆ ಜಾಗವಿದೆ. ಹೀಗೆ ವೈದ್ಯರು ರೋಗಲಕ್ಷಣವೆಂದು ಗುರುತು ಹಾಕಿಕೊಳ್ಳುವ ನಡವಳಿಕೆಯೇ ಚಿತ್ರಕಥೆಯಲ್ಲಿ ಧೈರ್ಯವಾಗಿ, ಛಲವಾಗಿ, ಕ್ಲೈಮ್ಯಾಕ್ಸ್ ಆಗಿ ಬರುತ್ತದೆ. ನನ್ನ ತಮ್ಮ ತಾನೊಂದು ಕಾಯಿಲೆಯಲ್ಲಿದ್ದೇನೆಂದು ಎರಡು ವರ್ಷ ತಿಳಿಯದೆ ಹೋದ. ಕಥೆಯ ಮುಕ್ಕಾಲು ಭಾಗಕ್ಕೆ ಬಂದಿದ್ದೇನೆ, ಇನ್ನೇನು ತಿರುವು ಬರುತ್ತದೆ ಎಂದೇ ಅವನು ನಂಬಿದ್ದ.

'ಸಿನಿಮಾವನ್ನು ಸಿನಿಮಾದಂತೆ ನೋಡಬೇಕು, ಅದನ್ನು ನೋಡಿ ಯಾರು ಆಡಲು ಹೋಗುತ್ತಾರೆ' ಎಂಬ ಉತ್ತರವನ್ನು ನಾನು ಕೇಳಿದ್ದೇನೆ. 1998ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ರೌಂಡರ್ಸ್' ಎಂಬ ಪೋಕರ್ ಚಿತ್ರವನ್ನು ಇಲ್ಲಿ ನೆನೆಯಬೇಕು. ನಾಯಕ ಮೊದಲಿಗೆ ತನ್ನ 30,000 ಡಾಲರನ್ನು ಒಂದೇ ಕೈಯಲ್ಲಿ ಕಳೆದುಕೊಳ್ಳುತ್ತಾನೆ. ಕೊನೆಗೆ ಅದೇ ಎದುರಾಳಿಯಿಂದ ಗೆದ್ದು, ಸಾಲ ತೀರಿಸಿ, ಉಳಿದ ಹಣ ಹಿಡಿದು ಲಾಸ್ ವೇಗಸ್ಸಿನ ದಾರಿ ಹಿಡಿಯುತ್ತಾನೆ. ಟೆನೆಸ್ಸಿಯ ಲೆಕ್ಕಪತ್ರಗಾರ ಕ್ರಿಸ್ ಮನಿಮೇಕರ್ 2003ರಲ್ಲಿ ಪೋಕರಿನ ವಿಶ್ವ ಸರಣಿಯ ಮುಖ್ಯ ಸ್ಪರ್ಧೆಯನ್ನು ಗೆದ್ದು 25 ಲಕ್ಷ ಡಾಲರ್ ಪಡೆದ; ತನ್ನನ್ನು ಈ ಆಟದತ್ತ ಎಳೆದದ್ದರಲ್ಲಿ ಆ ಚಿತ್ರದ ಪಾತ್ರವನ್ನೂ ಅವನು ಹೇಳಿಕೊಂಡಿದ್ದಾನೆ. ಆ ವರ್ಷ ಸ್ಪರ್ಧೆಯಲ್ಲಿದ್ದವರು 839 ಮಂದಿ. 2006ರ ಹೊತ್ತಿಗೆ 8,773 ಮಂದಿ. ಇಂಟರ್ನೆಟ್ಟಿನ ಆಟ, ಆಟಗಾರನ ಕೈಯೆಲೆ ತೋರಿಸುವ ಟೀವಿ ಕ್ಯಾಮೆರಾ ಇವೂ ಅದಕ್ಕೆ ಕಾರಣ, ಸಿನಿಮಾ ಒಂದೇ ಅಲ್ಲ. ಆದರೂ ಒಂದು ಚಿತ್ರ ಜನರನ್ನು ಟೇಬಲ್ಲಿನ ಕಡೆಗೆ ಕರೆದೊಯ್ಯಬಲ್ಲದು ಎಂಬುದನ್ನು ಅಲ್ಲಗಳೆಯುವುದು ಕಷ್ಟ. ನಿಮ್ಮ ಕಲೆಯ ಶಕ್ತಿಯನ್ನು ನಾನು ನಿಮಗಿಂತ ಕಡಿಮೆ ನಂಬಿದವಳಲ್ಲ.

ಗಣಿತದವಳಾದ್ದರಿಂದ ಒಂದು ಲೆಕ್ಕ ಹೇಳಲು ಅನುಮತಿ ಕೊಡಿ. 2006ರ 'ಕ್ಯಾಸಿನೊ ರಾಯಲ್' ಚಿತ್ರದ ಕೊನೆಯ ಪೋಕರ್ ಕೈಯನ್ನು ಲಕ್ಷಾಂತರ ಜನ ನೋಡಿದ್ದಾರೆ. ಟೇಬಲ್ಲಿನ ನಾಲ್ವರ ಕೈಗಳು, ಅಂದರೆ ಅವರಿಗೆ ಕೂಡಿಬಂದ ಐದೈದು ಎಲೆಗಳು, ಒಂದಕ್ಕಿಂತ ಒಂದು ದೊಡ್ಡವು: ಒಬ್ಬನದು ಫ್ಲಶ್ (ಐದೂ ಒಂದೇ ಗುರುತಿನವು), ಇಬ್ಬರದು ಫುಲ್ ಹೌಸ್ (ಒಂದೇ ಬೆಲೆಯ ಮೂರು, ಇನ್ನೊಂದು ಬೆಲೆಯ ಎರಡು), ನಾಯಕನದು ಸ್ಪೇಡ್ ಗುರುತಿನ ನಾಲ್ಕರಿಂದ ಎಂಟರವರೆಗಿನ ಸ್ಟ್ರೇಟ್ ಫ್ಲಶ್ (ಒಂದೇ ಗುರುತಿನ, ಸಾಲಾಗಿ ಬರುವ ಐದು). ತನ್ನ ಎರಡು, ಟೇಬಲ್ಲಿನ ಮೇಲಿನ ಐದು, ಹೀಗೆ ಏಳು ಎಲೆಗಳಿಂದ ಒಬ್ಬ ಆಟಗಾರನಿಗೆ ಸ್ಟ್ರೇಟ್ ಫ್ಲಶ್ ಕೂಡಿಬರುವ ಸಂಭವ ಸುಮಾರು 3,590 ಕೈಗಳಿಗೆ ಒಮ್ಮೆ. ಎದುರುಬದುರು ಕೂತು ಆಡಿದರೆ ಗಂಟೆಗೆ 30 ಕೈ ಎಂದಿಟ್ಟುಕೊಳ್ಳೋಣ. ದಿನಕ್ಕೆ ಐದು ಗಂಟೆಯಂತೆ, ಯಾವ ಕೈಯನ್ನೂ ನಡುವೆ ಬಿಡದೆ ಆಡಿದರೂ, ಅಂಥದ್ದೊಂದು ಬರಲು ಸರಾಸರಿ 24 ದಿನ ಬೇಕು. ಬಂದಾಗ ಎದುರಿನವರ ಬಳಿ ಅಷ್ಟು ದೊಡ್ಡ ಕೈಗಳಿದ್ದು, ಅವರೆಲ್ಲ ತಮ್ಮ ಹಣವನ್ನೆಲ್ಲ ಮುಂದೆ ತಳ್ಳಬೇಕು. ತೆರೆಯ ಮೇಲೆ ಇದು ಬೇಕೆಂದ ಗಳಿಗೆಗೆ ಬಂದು ನಿಲ್ಲುತ್ತದೆ. ಕಥೆಗಾರನಿಗೆ ಆ ಸ್ವಾತಂತ್ರ್ಯವಿದೆ, ಇರಲೇಬೇಕು. ಆದರೆ ನಿಜವಾದ ಆಟದ ಬಹುಪಾಲು ಹೊತ್ತು ಎಲೆ ನೋಡಿ ಕೆಳಗಿಡುವುದರಲ್ಲೇ ಕಳೆಯುತ್ತದೆ ಎಂಬುದನ್ನು, ಆ ಬೇಸರ ತಡೆಯಲಾರದೆ ಕೆಟ್ಟ ಕೈಗೆ ಹಣ ಹಾಕುವವರೇ ಹೆಚ್ಚು ಎಂಬುದನ್ನು ಒಂದು ಚಿತ್ರದಲ್ಲಾದರೂ ನಾನು ನೋಡಿದ ನೆನಪಿಲ್ಲ.

ತೆರೆಯ ಮೇಲೆ ಎಂದೂ ಕಾಣದ ಇನ್ನೊಬ್ಬರೆಂದರೆ ಟೇಬಲ್ಲಿನ ಮಾಲೀಕರು. ಆರು ಜನ ತಲಾ 10,000 ರೂಪಾಯಿ ಹಿಡಿದು ಕೂತರೆಂದುಕೊಳ್ಳಿ, ಒಟ್ಟು 60,000. ಪ್ರತಿ ಕೈಯಲ್ಲಿ ಸರಾಸರಿ 1,000 ರೂಪಾಯಿ ಪಣವಾಗಿ ಬೀಳುತ್ತದೆ, ಅದರಲ್ಲಿ ನೂರಕ್ಕೆ ಐದರಂತೆ 50 ರೂಪಾಯಿ ಆಡಿಸುವವರ ಕಮಿಷನ್. ಗಂಟೆಗೆ 30 ಕೈಯಾದರೆ 1,500 ರೂಪಾಯಿ. 40 ಗಂಟೆಯ ಆಟಕ್ಕೆ 60,000 ರೂಪಾಯಿ. ಆರು ಜನರೂ ಸರಿಸಮಾನ ಬುದ್ಧಿವಂತರಾಗಿದ್ದು, ಹಣ ಅವರವರಲ್ಲೇ ಕೈ ಬದಲಾಯಿಸುತ್ತಿದ್ದರೂ, ಕೊನೆಗೆ ಟೇಬಲ್ಲಿನ ಮೇಲೆ ಒಂದು ಪೈಸೆಯೂ ಉಳಿಯುವುದಿಲ್ಲ. ಫೋನಿನಲ್ಲಾದರೆ ಕೈಗಳ ವೇಗ ಇದರ ದುಪ್ಪಟ್ಟು, ಒಟ್ಟಿಗೆ ಎರಡು ಮೂರು ಟೇಬಲ್ಲುಗಳಲ್ಲಿ ಆಡುವವರೂ ಇದ್ದಾರೆ. ಈ ಲೆಕ್ಕವನ್ನು ಹತ್ತನೆಯ ತರಗತಿಯ ಹುಡುಗ ಮಾಡಬಲ್ಲ. ನನ್ನ ತಮ್ಮನಿಗೂ ಮಾಡಿ ತೋರಿಸಿದೆ. ಅವನು ಒಪ್ಪಿದ. ಒಪ್ಪಿದ ರಾತ್ರಿಯೂ ಆಡಿದ.

'ಪೋಕರ್ ಕೌಶಲ್ಯದ ಆಟ' ಎಂಬ ವಾದವೂ ನನಗೆ ಗೊತ್ತು. ರಮ್ಮಿಯಲ್ಲಿ ಕೌಶಲ್ಯವೇ ಪ್ರಧಾನವೆಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿದಾಗಲೂ ಕೌಶಲ್ಯದ ಪ್ರಶ್ನೆಯೇ ಮುಂದಿತ್ತು. ನ್ಯಾಯಾಲಯದ ತೀರ್ಪನ್ನು ತೂಗುವಷ್ಟು ಕಾನೂನು ನನಗೆ ತಿಳಿಯದು. ಪೋಕರಿನಲ್ಲಿ ಕೌಶಲ್ಯವಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಮ್ಮ ಮನೆಗೆ ಮುಳುವಾದದ್ದು ಆ ಕೌಶಲ್ಯವೇ. ಲಾಟರಿಯಲ್ಲಿ ಸೋತವನು ಅದೃಷ್ಟವನ್ನು ಬೈಯುತ್ತಾನೆ; ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಾಗ ಎಷ್ಟೋ ಮನೆಗಳು ಉಸಿರಾಡಿದ್ದನ್ನು ನಾನು ಕಂಡಿದ್ದೇನೆ. ಪೋಕರಿನಲ್ಲಿ ಸೋತವನು ತನ್ನ ತಪ್ಪನ್ನು ಹುಡುಕುತ್ತಾನೆ. ಆ ಕೈ ಬಿಡಬೇಕಿತ್ತು, ಈ ಕೈಗೆ ಏರಿಸಬೇಕಿತ್ತು, ನಾಳೆ ಸರಿಪಡಿಸುತ್ತೇನೆ ಎನ್ನುತ್ತಾನೆ. ತೆರೆಯ ಮೇಲಿನ ನಾಯಕ ಎದುರಾಳಿಯ ಕಣ್ಣುರೆಪ್ಪೆ ನೋಡಿಯೇ ಅವನ ಎಲೆಗಳನ್ನು ಓದುವಾಗ, ಈ ಭ್ರಮೆಗೆ ಒಂದು ಮುಖವೂ ಒಂದು ನಡಿಗೆಯೂ ಸಿಗುತ್ತದೆ. ಫೋನಿನ ಆಟದಲ್ಲಿ ಓದಲು ಕಣ್ಣುರೆಪ್ಪೆಯೂ ಇರುವುದಿಲ್ಲ.

ಇದಕ್ಕಿಂತ ಪ್ರಾಮಾಣಿಕವಾದ ಕಥೆ ನಮ್ಮ ಹತ್ತಿರವೇ ಇದೆ. ಸಭಾಪರ್ವದಲ್ಲಿ ಧರ್ಮರಾಯ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ದ್ರೌಪದಿಯನ್ನೂ ಸೋತದ್ದು ಎಲ್ಲರಿಗೂ ಗೊತ್ತು. ಧೃತರಾಷ್ಟ್ರ ಕೊಟ್ಟ ವರಗಳಿಂದ ಕಳೆದದ್ದೆಲ್ಲ ಮರಳಿ ಬಂದದ್ದೂ ಗೊತ್ತು. ಇಂದಿನ ಚಿತ್ರವಾಗಿದ್ದರೆ ಅಲ್ಲಿಗೆ ಹಾಡು ಹಾಕಿ ಮುಗಿಸುತ್ತಿದ್ದರು. ಮಹಾಭಾರತದಲ್ಲಿ ಹಾಗಾಗುವುದಿಲ್ಲ. ಇಂದ್ರಪ್ರಸ್ಥಕ್ಕೆ ಹೊರಟವನನ್ನು ದಾರಿಯಿಂದ ಮತ್ತೆ ಆಟಕ್ಕೆ ಕರೆಯುತ್ತಾರೆ, ಅವನು ಮತ್ತೆ ಹೋಗಿ ಕೂರುತ್ತಾನೆ. ಎಲ್ಲ ಸಿಕ್ಕ ಮೇಲೂ ಹೋಗುತ್ತಾನೆ ಎಂಬುದನ್ನು ಆ ಕಥೆ ಹೇಳಿದವರು ತಿಳಿದಿದ್ದರು. ನಳ ಮರಳಿ ಗೆದ್ದನಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಅವನೊಳಗೆ ಹೊಕ್ಕಿದ್ದ ಕಲಿ ಬಿಟ್ಟುಹೋದ ಮೇಲೆ, ವರ್ಷಗಟ್ಟಲೆ ಬಾಹುಕನಾಗಿ ಪರರ ಕುದುರೆಲಾಯದಲ್ಲಿ ದುಡಿದ ಮೇಲೆ ಅವನು ಗೆದ್ದದ್ದು. ಕನಕದಾಸರ ನಳಚರಿತ್ರೆ ಓದಿದವರಿಗೆ ಇದು ಹೊಸದೇನಲ್ಲ. ಕಲಿ ಒಳಗಿರುವಾಗಲೇ ಗೆಲ್ಲುವ ನಳನನ್ನು ಮಾತ್ರ ನಮ್ಮ ಪರದೆಗಳು ತೋರಿಸುತ್ತಿವೆ.

ಕನ್ನಡ ಚಿತ್ರರಂಗಕ್ಕೆ ವ್ಯಸನದ ಮನೆಯನ್ನು ತೋರಿಸಲು ಬರುವುದಿಲ್ಲವೆಂದೂ ನಾನು ಹೇಳಲಾರೆ. ಕುಡುಕನ ಮನೆಯನ್ನು, ಅವನ ಹೆಂಡತಿ ಅಕ್ಕಿ ಡಬ್ಬಿ ಗೋರುವ ಸದ್ದನ್ನು, ಬಾಗಿಲ ಸಂದಿಯಲ್ಲಿ ನಿಂತ ಮಗುವನ್ನು ನೀವು ಎಷ್ಟೋ ಬಾರಿ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದೀರಿ. ಜೂಜಿನ ಮನೆಗೆ ಮಾತ್ರ ಕ್ಯಾಮೆರಾ ಬರಲೇ ಇಲ್ಲ. ಕುಡಿದವನು ತೂರಾಡುತ್ತಾನೆ, ವಾಸನೆ ಬರುತ್ತದೆ, ಊರಿಗೆ ಗೊತ್ತಾಗುತ್ತದೆ. ಜೂಜಾಡುವವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿ ಬಾಗಿಲು ತೆಗೆಯುತ್ತಾನೆ. ನನ್ನ ನಾದಿನಿಗೆ ವಿಷಯ ಗೊತ್ತಾದದ್ದು ಮಗನ ಕಾಲೇಜು ಫೀಸಿಗೆಂದು ಇಟ್ಟಿದ್ದ ಠೇವಣಿಯನ್ನು ಕೇಳಲು ಬ್ಯಾಂಕಿಗೆ ಹೋದ ದಿನ. ಕೌಂಟರಿನಲ್ಲಿದ್ದ ಹುಡುಗಿ ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದಳಂತೆ. ಮನೆಗೆ ಬಂದವಳು ಅತ್ತಿರಲಿಲ್ಲ. ಒಲೆಯ ಮೇಲಿದ್ದ ಸಾರು ಸೀದುಹೋಗುವವರೆಗೂ ಅದರ ಮುಂದೆ ನಿಂತಿದ್ದಳು.

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಡಿದವರಿಗೆ ಶಿಕ್ಷೆಯಿಲ್ಲ, ಆಡಿಸುವವರಿಗೂ ಪ್ರಚಾರ ಮಾಡುವವರಿಗೂ ಇದೆ. ನಾನದನ್ನು ಸ್ವಾಗತಿಸಿದ್ದೇನೆ. ಆದರೆ ಕಾಯ್ದೆ ಮುಟ್ಟಲಾಗದ ಜಾಗಗಳಿವೆ. ಪೇಟೆಯ ಕೋಣೆಗಳಿವೆ, ವಾರಾಂತ್ಯಕ್ಕೆ ನಮ್ಮ ಕಡೆಯಿಂದಲೂ ಜನ ಹೋಗುವ ಗೋವಾದ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿವೆ, ಹೊರದೇಶದಿಂದ ನಡೆಯುವ ತಾಣಗಳಿವೆ. 'ಕೊನೇ ಕೈಲಿ ತಿರುಗತ್ತೆ' ಎಂಬ ನಂಬಿಕೆಯಂತೂ ಯಾವ ಆ್ಯಪ್ ಮುಚ್ಚಿದರೂ ಮುಚ್ಚುವುದಿಲ್ಲ. ಆ ನಂಬಿಕೆಯ ವಿಷಯದಲ್ಲಿ ಕಾಯ್ದೆಗಿಂತ ನಿಮ್ಮ ಮಾತು ಹೆಚ್ಚು ನಡೆಯುತ್ತದೆ ಎಂಬ ಕಾರಣಕ್ಕೇ ಸರ್ಕಾರಕ್ಕೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ನನ್ನ ಕೋರಿಕೆಗಳು ಹೆಚ್ಚಿಲ್ಲ. ಇಸ್ಪೀಟಿನ ದೃಶ್ಯಗಳನ್ನು ಕತ್ತರಿಸಿ ಎಂದು ನಾನು ಕೇಳುವುದಿಲ್ಲ. ಕತ್ತರಿಸಿದರೆ ಸತ್ಯ ಹೇಳುವ ದಾರಿಯೂ ಮುಚ್ಚುತ್ತದೆ. 2012ರಿಂದ ತೆರೆಯ ಮೇಲೆ ಸಿಗರೇಟು ಹೊತ್ತಿದಾಗಲೆಲ್ಲ ಕೆಳಗೊಂದು ಎಚ್ಚರಿಕೆಯ ಸಾಲು ಬರುತ್ತಿದೆ. ಹಣ ಕಟ್ಟಿ ಎಲೆಯಾಡುವ ದೃಶ್ಯ ಬಂದಾಗಲೂ, ಇದು ವ್ಯಸನವಾಗಬಲ್ಲದು, ನೆರವಿಗೆ ಟೆಲಿ ಮಾನಸ್ ಸಹಾಯವಾಣಿ 14416 ಎಂಬ ಒಂದು ಸಾಲನ್ನು ಕನ್ನಡ ಚಿತ್ರರಂಗ ಕಾನೂನಿಗೆ ಕಾಯದೆ ತಾನಾಗಿಯೇ ಹಾಕಲಿ. ಆ ಸಂಖ್ಯೆಗೆ ಯಾವ ಹೊತ್ತಿನಲ್ಲೂ ದುಡ್ಡಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡೂವರೆಗೆ ಬಚ್ಚಲ ಕಟ್ಟೆಯ ಮೇಲೆ ಕೂತವನಿಗೆ ಅದು ನೆನಪಿದ್ದರೆ ಸಾಕು. ಎಚ್ಚರಿಕೆಯ ಸಾಲನ್ನು ಯಾರೂ ಓದುವುದಿಲ್ಲ ಎನ್ನುವವರಿದ್ದಾರೆ. ನನ್ನ ತಮ್ಮ ಕೊನೆಗೆ ಕರೆ ಮಾಡಿದ ಸಂಖ್ಯೆ ಇದೇ, ಅದು ಅವನಿಗೆ ಸಿಕ್ಕದ್ದು ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ಒಂದು ಕಾಗದದಲ್ಲಿ.

ಎರಡನೆಯದು ಚಲನಚಿತ್ರ ಪ್ರಮಾಣೀಕರಣ (ಸೆನ್ಸಾರ್) ಮಂಡಳಿಯ ಮಾತು. 1991ರ ಮಾರ್ಗಸೂಚಿಗಳು ಕುಡಿತ, ಮಾದಕವಸ್ತು, ತಂಬಾಕುಗಳನ್ನು ವೈಭವೀಕರಿಸಬಾರದೆಂದು ಹೆಸರಿಸಿಯೇ ಹೇಳುತ್ತವೆ. ಜೂಜಿನ ಹೆಸರು ಆ ಸಾಲಿನಲ್ಲಿಲ್ಲ. ಅದನ್ನು ಸೇರಿಸುವಂತೆ, ಜೂಜನ್ನೇ ಸಾಹಸವಾಗಿ ಮೆರೆಸುವ ಚಿತ್ರಗಳಿಗೆ ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ ತಂದ 'ಯುಎ 16+' ವರ್ಗವನ್ನಾದರೂ ಕೊಡುವಂತೆ ವಾಣಿಜ್ಯ ಮಂಡಳಿಯೇ ಮುಂದಾಗಿ ಕೇಳಿದರೆ, ಉದ್ಯಮವೇ ಕೇಳುತ್ತಿದೆ ಎಂಬ ತೂಕ ಆ ಮನವಿಗೆ ಇರುತ್ತದೆ.

ಕಲಾವಿದರಲ್ಲಿ ಒಂದು ಮಾತು. ರಮ್ಮಿ, ಪೋಕರ್ ಆ್ಯಪ್‌ಗಳ ಜಾಹೀರಾತಿನಲ್ಲಿ ಹೆಸರಾಂತ ಮುಖಗಳು 'ಬನ್ನಿ, ಆಡಿ' ಎಂದು ಕರೆದದ್ದನ್ನು ನಮ್ಮ ಮನೆಯ ಟೀವಿಯೂ ತೋರಿಸಿದೆ. ಆ ಅಧ್ಯಾಯವನ್ನು ಕಾನೂನು ಮುಗಿಸಿದೆ, ಆದರೆ ಆ ಕರೆಯನ್ನು ನಂಬಿ ಹೋದವರು ಇನ್ನೂ ಸಾಲ ತೀರಿಸುತ್ತಿದ್ದಾರೆ. ಆಗ ಕರೆದ ದನಿಗಳಲ್ಲಿ ಒಂದಾದರೂ ಈಗ ಮುಂದೆ ಬಂದು, 'ಅದು ತಪ್ಪಾಯಿತು, ಆಡಬೇಡಿ' ಎಂದರೆ, ನನ್ನಂಥ ನಿವೃತ್ತ ಶಿಕ್ಷಕಿಯ ನೂರು ಪತ್ರಗಳು ಮಾಡದ ಕೆಲಸವನ್ನು ಅದು ಮಾಡುತ್ತದೆ.

ಕೊನೆಯದಾಗಿ ಚಿತ್ರಕಥೆಗಾರರಿಗೆ. ನನ್ನ ತಮ್ಮ ಚಿಕಿತ್ಸೆ ಪಡೆದು ಈಗ 14 ತಿಂಗಳಾಗಿದೆ. ಅಂಗಡಿ ಇಲ್ಲ, ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳ ನೇರವಾಗಿ ಹೆಂಡತಿಯ ಖಾತೆಗೆ ಬರುತ್ತದೆ, ಫೋನು ಗುಂಡಿ ಒತ್ತುವಂಥದ್ದು. ಕಳೆದ ದೀಪಾವಳಿಗೆ ಮಕ್ಕಳು ಅಟ್ಟದಿಂದ ಎಲೆಗಳನ್ನು ಇಳಿಸಿದಾಗ ಅವನು ಎದ್ದು ತೋಟಕ್ಕೆ ಹೋಗಿ, ಕತ್ತಲಾದ ಮೇಲೆ ಬಂದ. ಈ ಪತ್ರವನ್ನು ಅವನಿಗೆ ಓದಿ ಹೇಳಿಯೇ ಬರೆದಿದ್ದೇನೆ. ಜೂಜಿನ ಕಥೆ ಬರೆಯುವವರು ಯಾರಾದರೂ ಕೇಳಲು ಬಂದರೆ ಮಾತಾಡಲು ಅವನು ಒಪ್ಪಿದ್ದಾನೆ, ಅವನ ಹೆಂಡತಿಯೂ ಒಪ್ಪಿದ್ದಾಳೆ. ಎಡಗಡೆ ಪೆನ್ನಿನಲ್ಲಿ, ಬಲಗಡೆ ಪೆನ್ಸಿಲಿನಲ್ಲಿ ಬರೆದಿರುವ ಆ ಲೆಕ್ಕದ ಪುಸ್ತಕದ ನಕಲನ್ನು ಮಂಡಳಿಯ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಅದನ್ನು ಕಥೆ ಬರೆಯುವವರ ಕೈಗೆ ತಲುಪಿಸಿ.

ಗೌರವಪೂರ್ವಕವಾಗಿ,

ನಿವೃತ್ತ ಗಣಿತ ಶಿಕ್ಷಕಿ
ಶಿವಮೊಗ್ಗ ಜಿಲ್ಲೆ